ಥೈರೋಗ್ಲಾಸಲ್ ನಾಳದ ಸಿಸ್ಟ್: ಸಿಸ್ಟ್ರಂಕ್ ಶಸ್ತ್ರಚಿಕಿತ್ಸೆಯ ತರ್ಕ ಮತ್ತು ಕ್ರಮ

ಥೈರೋಗ್ಲಾಸಲ್ ನಾಳದ ಸಿಸ್ಟ್ ಎಂಬುದು ಕತ್ತಿನ ಮಧ್ಯರೇಖೆಯಲ್ಲಿ, ಸಾಮಾನ್ಯವಾಗಿ ಹಯಾಯ್ಡ್ ಮೂಳೆಯ ಆಸುಪಾಸಿನಲ್ಲಿ ಕಾಣಿಸಿಕೊಳ್ಳುವ, ಲೋಳೆಯಂಥ ದ್ರವ ತುಂಬಿದ ಗಂಟು. ಹುಟ್ಟಿನಿಂದಲೇ ಬರುವ, ಕತ್ತಿನ ನಡುವಿನ ಗಂಟುಗಳಲ್ಲಿ ಇದೇ ಹೆಚ್ಚು. ಬಹುಮಟ್ಟಿಗೆ ಬಾಲ್ಯದಲ್ಲಿ ಪತ್ತೆಯಾದರೂ ವಯಸ್ಕರಲ್ಲಿ ಅಪರೂಪವೇನಲ್ಲ.

ಇದರ ಮೂಲ ಭ್ರೂಣಾವಸ್ಥೆಯಲ್ಲಿದೆ. ಥೈರಾಯ್ಡ್ ಗ್ರಂಥಿ ಮೊಳೆಯುವುದು ನಾಲಿಗೆಯ ಬುಡದ ಫೊರಾಮೆನ್ ಸೀಕಮ್ ಎಂಬ ಕುಳಿಯಲ್ಲಿ. ಅಲ್ಲಿಂದ ಕೆಳಗಿಳಿದು ಸುಮಾರು 7ನೇ ವಾರದ ಹೊತ್ತಿಗೆ ಅದು ಕತ್ತಿನಲ್ಲಿ ನೆಲೆಗೊಳ್ಳುತ್ತದೆ. ಇಳಿದ ಹಾದಿಯಲ್ಲಿ ಉಳಿದ ನಾಳ ಸಾಮಾನ್ಯವಾಗಿ 10ನೇ ವಾರದೊಳಗೆ ಕರಗಿಹೋಗುತ್ತದೆ. ಕರಗದೆ ಉಳಿದ ತುಣುಕಿನ ಒಳಪದರ ದ್ರವ ಸ್ರವಿಸಿದಾಗ ಸಿಸ್ಟ್ ಉಂಟಾಗುತ್ತದೆ. ನಾಳ ಹಯಾಯ್ಡ್ ಮೂಳೆಗೆ ಅಂಟಿಕೊಂಡು ನಾಲಿಗೆಯ ಬುಡದವರೆಗೆ ಹಬ್ಬಿರುವುದರಿಂದ, ರೋಗಿ ನುಂಗಿದಾಗಲೂ ನಾಲಿಗೆ ಹೊರಚಾಚಿದಾಗಲೂ ಗಂಟು ಮೇಲಕ್ಕೆ ಸರಿಯುತ್ತದೆ.

ಶಸ್ತ್ರಚಿಕಿತ್ಸೆಗೆ ಮುನ್ನ ಅಲ್ಟ್ರಾಸೌಂಡ್ ಅಗತ್ಯ. ಗಂಟಿನ ಸ್ವರೂಪದ ಜೊತೆಗೆ ಥೈರಾಯ್ಡ್ ಗ್ರಂಥಿ ತನ್ನ ಜಾಗದಲ್ಲಿದೆಯೇ ಎಂಬುದೂ ಇದರಿಂದ ಖಚಿತವಾಗುತ್ತದೆ. ಕೆಲವರಲ್ಲಿ ಸಿಸ್ಟ್ ಎಂದು ತೋರುವ ಗಂಟೇ ದೇಹದ ಏಕೈಕ ಥೈರಾಯ್ಡ್ ಆಗಿರುತ್ತದೆ. ಅದನ್ನು ತೆಗೆದರೆ ರೋಗಿ ಜೀವನಪರ್ಯಂತ ಹಾರ್ಮೋನ್ ಮಾತ್ರೆ ಅವಲಂಬಿಸಬೇಕಾಗುತ್ತದೆ. ಸೋಂಕು ತಗುಲಿದ್ದರೆ ಮೊದಲು ಆಂಟಿಬಯೋಟಿಕ್ ಕೊಟ್ಟು, ಬೇಕಿದ್ದರೆ ಸೂಜಿಯಿಂದ ಕೀವು ತೆಗೆದು, ಊತ ಇಳಿದ ಮೇಲೆ ಶಸ್ತ್ರಚಿಕಿತ್ಸೆ ನಡೆಸುವುದು ಕ್ರಮ.

ಗಂಟನ್ನಷ್ಟೇ ಕಿತ್ತುಹಾಕಿದರೆ ಅರ್ಧದಷ್ಟು ರೋಗಿಗಳಲ್ಲಿ ಅದು ಮರುಕಳಿಸಬಹುದು. 1893ರಲ್ಲಿ ಶಸ್ತ್ರವೈದ್ಯ ಶ್ಲಾಂಗೆ ಹಯಾಯ್ಡ್ ಮೂಳೆಯ ನಡುಭಾಗವನ್ನೂ ತೆಗೆಯುವ ಕ್ರಮವನ್ನು ಮುಂದಿಟ್ಟರು. ಮೇಯೋ ಕ್ಲಿನಿಕ್‌ನ ವಾಲ್ಟರ್ ಸಿಸ್ಟ್ರಂಕ್ 1920ರಲ್ಲಿ ಇನ್ನೂ ಮುಂದೆ ಹೋಗಿ, ಮೂಳೆಯ ಮೇಲಿನ ಹಾದಿಯನ್ನೂ ಸುತ್ತಲ ಸ್ನಾಯುವಿನ ಸಮೇತ ತೆಗೆಯಬೇಕೆಂದು ವಿವರಿಸಿದರು. ಮೂಳೆಯ ಮೇಲ್ಭಾಗದಲ್ಲಿ ನಾಳ ಬಲು ಸೂಕ್ಷ್ಮ, ಅನೇಕ ವೇಳೆ ಕವಲೊಡೆದಿರುತ್ತದೆ. ಅದನ್ನು ಬಿಡಿಸಿ ಹಿಂಬಾಲಿಸುವುದು ಕಷ್ಟ. ಆದ್ದರಿಂದ ಹಾದಿಯನ್ನು ಇಡಿಯಾಗಿ ತೆಗೆಯುವುದೇ ಈ ವಿಧಾನದ ತಿರುಳು.

ರೋಗಿಗೆ ಪೂರ್ಣ ಅರಿವಳಿಕೆ ಕೊಟ್ಟು, ಕತ್ತನ್ನು ಹಿಂದಕ್ಕೆ ಬಾಗಿಸಿ, ಚರ್ಮದ ಮಡಿಕೆಗುಂಟ ಅಡ್ಡಲಾಗಿ ಕೊಯ್ಯಲಾಗುತ್ತದೆ. ಮುಂಗತ್ತಿನ ಸ್ನಾಯುಗಳನ್ನು ಇಬ್ಬದಿಗೆ ಸರಿಸಿ, ಸಿಸ್ಟ್ ಒಡೆಯದಂತೆ ಬಿಡಿಸಿ, ಅದು ಅಂಟಿಕೊಂಡಿರುವ ಹಯಾಯ್ಡ್‌ನ ನಡುವಿನ ಸುಮಾರು 1ರಿಂದ 1.5 ಸೆಂ.ಮೀ. ತುಂಡನ್ನು ಕತ್ತರಿಸುತ್ತಾರೆ. ಬಳಿಕ ಸಹಾಯಕರು ಬಾಯೊಳಗೆ ಬೆರಳಿಟ್ಟು ನಾಲಿಗೆಯ ಬುಡವನ್ನು ಕೆಳಕ್ಕೆ ಒತ್ತಬಹುದು. ಶಸ್ತ್ರವೈದ್ಯರು ಆ ಬೆರಳಿನ ದಿಕ್ಕಿಗೆ ಸಾಗಿ ಸ್ನಾಯುವಿನ ತಿರುಳನ್ನು ತೆಗೆದು ಬುಡದಲ್ಲಿ ಕಟ್ಟುತ್ತಾರೆ. ಬಾಯಿಯೊಳಗೆ ರಂಧ್ರವಾದರೆ ಕೂಡಲೇ ಹೊಲಿಯಬೇಕು. ಹಯಾಯ್ಡ್ ಬೇರೆ ಮೂಳೆಗಳೊಂದಿಗೆ ಕೀಲಾಗಿ ಸೇರಿಲ್ಲದ ಕಾರಣ ನಡುಭಾಗ ಹೋದರೂ ಸಾಮಾನ್ಯವಾಗಿ ನುಂಗುವಿಕೆಗೂ ಮಾತಿಗೂ ತೊಡಕಾಗುವುದಿಲ್ಲ.

ಚಿಕ್ಕ ಮಕ್ಕಳಲ್ಲಿ ಹಯಾಯ್ಡ್ ಮತ್ತು ಧ್ವನಿಪೆಟ್ಟಿಗೆಯ ಥೈರಾಯ್ಡ್ ಮೃದ್ವಸ್ಥಿ ತೀರ ಒತ್ತಾಗಿರುವುದರಿಂದ ಒಂದನ್ನು ಇನ್ನೊಂದೆಂದು ಭ್ರಮಿಸಿ ಧ್ವನಿಪೆಟ್ಟಿಗೆಗೆ ಹಾನಿಯಾಗುವ ಅಪಾಯವಿದೆ. ಚಿಕಿತ್ಸೆಯ ನಂತರ ರಕ್ತ ಹೆಪ್ಪುಗಟ್ಟಿ ಊತ ಬಂದರೆ ಉಸಿರಾಟಕ್ಕೆ ಅಡ್ಡಿಯಾಗಬಹುದಾದ್ದರಿಂದ ಮೊದಲ ದಿನದ ನಿಗಾ ಮುಖ್ಯ. ಸಿಸ್ಟ್ರಂಕ್ ವಿಧಾನದಲ್ಲಿ ಮರುಕಳಿಕೆಯ ಪ್ರಮಾಣ ಸಾಮಾನ್ಯವಾಗಿ ಶೇ. 10ಕ್ಕಿಂತ ಕಡಿಮೆ, ಹಿಂದೆ ಸೋಂಕಾಗಿದ್ದವರಲ್ಲಿ, ಅಪೂರ್ಣ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಅದು ಹೆಚ್ಚು. ಸುಮಾರು ಶೇ. 1ರಷ್ಟು ಸಿಸ್ಟ್‌ಗಳಲ್ಲಿ ಕ್ಯಾನ್ಸರ್, ಬಹುತೇಕ ಪ್ಯಾಪಿಲರಿ ಬಗೆಯದು, ಕಂಡುಬರುತ್ತದೆ. ಆದ್ದರಿಂದ ತೆಗೆದ ಅಂಗಾಂಶವನ್ನು ಪ್ರತಿ ಬಾರಿಯೂ ಸೂಕ್ಷ್ಮದರ್ಶಕ ಪರೀಕ್ಷೆಗೆ ಕಳುಹಿಸಲೇಬೇಕು.