ಮಾನಸಿಕ ಆಸ್ಪತ್ರೆಯ ಮೇಲುಸ್ತುವಾರಿ: ಬೆಂಗಳೂರಿನ ಆಡಳಿತಾಂತರದ ಇತಿಹಾಸ

ಸಾರ್ವಜನಿಕ ಆಸ್ಪತ್ರೆಯೊಂದರ ಆಡಳಿತ ಒಂದು ಸರ್ಕಾರದಿಂದ ಮತ್ತೊಂದು ವ್ಯವಸ್ಥೆಗೆ ಹಸ್ತಾಂತರಗೊಳ್ಳುವುದನ್ನು ಕೇವಲ ಕಡತಗಳ ವ್ಯವಹಾರವೆಂದು ಭಾವಿಸುವುದು ವಾಡಿಕೆ. ಮಾನಸಿಕ ಆಸ್ಪತ್ರೆಯ ವಿಷಯದಲ್ಲಿ ಈ ಭಾವನೆ ಸಾಲದು. ತನ್ನ ಪರವಾಗಿ ತಾನೇ ಮಾತನಾಡಲಾಗದ ರೋಗಿಗೆ ಉತ್ತರದಾಯಿ ಯಾರು ಎಂಬ ಪ್ರಶ್ನೆ ಅಂತಹ ಪ್ರತಿಯೊಂದು ಹಸ್ತಾಂತರದಲ್ಲಿಯೂ ಅಡಗಿರುತ್ತದೆ. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಇತಿಹಾಸ ಇದಕ್ಕೆ ನಿದರ್ಶನ.

ಮೈಸೂರು ಸಂಸ್ಥಾನವು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿದ್ದಾಗ, 1847ರಲ್ಲಿ, ಶಸ್ತ್ರವೈದ್ಯ ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಅವರ ಪ್ರಯತ್ನದಿಂದ ಬೆಂಗಳೂರಿನಲ್ಲಿ ಚಿತ್ತವಿಕಲರ ಆಶ್ರಯಾಲಯ ಸ್ಥಾಪಿತವಾಯಿತು. 1881ರಲ್ಲಿ ರಾಜ್ಯಭಾರ ಒಡೆಯರ ಮನೆತನಕ್ಕೆ ಮರಳಿದಾಗ ಅದರ ಹೊಣೆಯೂ ಮೈಸೂರು ಸರ್ಕಾರಕ್ಕೆ ಬಂದಿತು. ಇದು ಆ ಸಂಸ್ಥೆಯ ಮೊದಲನೆಯ ಆಡಳಿತಾಂತರ. 1925ರಲ್ಲಿ ಅದಕ್ಕೆ ‘ಮಾನಸಿಕ ಆಸ್ಪತ್ರೆ’ ಎಂಬ ಹೆಸರಾಯಿತು. 1930ರ ದಶಕದಲ್ಲಿ ಲಕ್ಕಸಂದ್ರದ ವಿಶಾಲ ಆವರಣಕ್ಕೆ ಸ್ಥಳಾಂತರಗೊಂಡಿತು. ಜನರ ಬಾಯಲ್ಲಿ ಮಾತ್ರ ಅದು ‘ಹುಚ್ಚಾಸ್ಪತ್ರೆ’ಯಾಗಿಯೇ ಉಳಿಯಿತು.

1946ರ ಭೋರ್ ಸಮಿತಿಯ ವರದಿಯು ದೇಶದ ಮಾನಸಿಕ ಆಸ್ಪತ್ರೆಗಳಲ್ಲಿ ಒಟ್ಟು 10,000ದ ಆಸುಪಾಸಿನಷ್ಟು ಹಾಸಿಗೆಗಳು ಮಾತ್ರ ಇರುವುದನ್ನೂ ತರಬೇತಿ ಪಡೆದ ವೈದ್ಯರ ಕೊರತೆಯನ್ನೂ ಎತ್ತಿ ತೋರಿಸಿತು. ಈ ಹಿನ್ನೆಲೆಯಲ್ಲಿ ಕೇಂದ್ರ ಸರ್ಕಾರವು 1954ರಲ್ಲಿ ಬೆಂಗಳೂರಿನ ಆಸ್ಪತ್ರೆಯ ಆವರಣದಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯನ್ನು ಆರಂಭಿಸಿತು. ಆಸ್ಪತ್ರೆಯ ಅಧೀಕ್ಷಕರಾಗಿದ್ದ ಡಾ. ಎಂ.ವಿ. ಗೋವಿಂದಸ್ವಾಮಿಯವರೇ ಅದರ ಮೊದಲ ನಿರ್ದೇಶಕರಾದರು.

ಇಲ್ಲಿಂದ ಎರಡು ದಶಕಗಳ ಕಾಲ ಒಂದೇ ಆವರಣದಲ್ಲಿ ಇಬ್ಬರು ಯಜಮಾನರಿದ್ದರು. ಬೋಧನೆ ಮತ್ತು ಸಂಶೋಧನೆ ಕೇಂದ್ರದವು. ಹಾಸಿಗೆ, ಆಹಾರ, ಶುಶ್ರೂಷೆ ರಾಜ್ಯದವು. ವಿದ್ಯಾರ್ಥಿಯು ಯಾವ ರೋಗಿಯನ್ನು ಪರೀಕ್ಷಿಸಿ ಕಲಿಯುತ್ತಿದ್ದನೋ ಆ ರೋಗಿಯ ಪಾಲನೆಯ ಹೊಣೆ ಮತ್ತೊಂದು ಸರ್ಕಾರದ್ದಾಗಿತ್ತು. ಸಂವಿಧಾನದ ಹಂಚಿಕೆಯಲ್ಲಿಯೂ ಇಂಥದೇ ದ್ವಂದ್ವ ಕಾಣುತ್ತದೆ. ಆಸ್ಪತ್ರೆಗಳು ರಾಜ್ಯಪಟ್ಟಿಯಲ್ಲಿದ್ದರೆ, ಚಿತ್ತವೈಕಲ್ಯ ಹಾಗೂ ಅದರ ಚಿಕಿತ್ಸಾಲಯಗಳು ಸಮವರ್ತಿ ಪಟ್ಟಿಯಲ್ಲಿವೆ.

ರಾಜ್ಯವು ‘ಕರ್ನಾಟಕ’ವೆಂಬ ಹೆಸರು ಪಡೆದ ಮರುವರ್ಷ, 1974ರ ಡಿಸೆಂಬರ್ 27ರಂದು, ಎರಡನ್ನೂ ವಿಲೀನಗೊಳಿಸಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯನ್ನು (ನಿಮ್ಹಾನ್ಸ್) ರೂಪಿಸಲಾಯಿತು. ರಾಜ್ಯವು ಆಸ್ಪತ್ರೆಯನ್ನು ಕೇಂದ್ರಕ್ಕೆ ಒಪ್ಪಿಸಿಬಿಡಲಿಲ್ಲ, ಕೇಂದ್ರವೂ ತನ್ನ ಸಂಸ್ಥೆಯನ್ನು ರಾಜ್ಯಕ್ಕೆ ಬಿಟ್ಟುಕೊಡಲಿಲ್ಲ ಎಂಬುದು ಗಮನಾರ್ಹ. ನೋಂದಾಯಿತ ಸಂಘದ ಸ್ವರೂಪದ ಸ್ವಾಯತ್ತ ಸಂಸ್ಥೆಯೊಂದಕ್ಕೆ ಇಬ್ಬರೂ ತಮ್ಮ ಪಾಲನ್ನು ಒಪ್ಪಿಸಿದರು; ಅನುದಾನದ ಹೊಣೆಯನ್ನೂ ಹಂಚಿಕೊಂಡರು.

ಈ ಏಕೀಕರಣದ ಫಲ ಶೀಘ್ರವಾಗಿ ಕಂಡಿತು. ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಸಮುದಾಯ ಮಾನಸಿಕ ಆರೋಗ್ಯದ ಪ್ರಯೋಗ ನಡೆಯಿತು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಕೈಗೊಂಡ ಕಾರ್ಯಕ್ರಮವು 1996ರಲ್ಲಿ ಆರಂಭವಾದ ರಾಷ್ಟ್ರೀಯ ಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಯೋಜನೆಗೆ ಮಾದರಿಯಾಯಿತು. ಚಿಕಿತ್ಸೆಯು ಗೋಡೆಯ ಆಚೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರದವರೆಗೆ ಸಾಗಲು ಬೋಧನೆ ಮತ್ತು ಸೇವೆ ಒಂದೇ ಆಡಳಿತದಡಿ ಬಂದದ್ದು ನೆರವಾಯಿತು.

ಆದರೆ ಆಡಳಿತ ಬದಲಾದ ಮಾತ್ರಕ್ಕೆ ರೋಗಿಯ ಕಾನೂನಿನ ಸ್ಥಿತಿ ಬದಲಾಗಲಿಲ್ಲ. ಮ್ಯಾಜಿಸ್ಟ್ರೇಟರ ಆದೇಶದ ಮೇಲೆ ರೋಗಿಯನ್ನು ದಾಖಲಿಸಿಕೊಳ್ಳುವ 1912ರ ಭಾರತೀಯ ಚಿತ್ತವಿಕಲತಾ ಕಾಯಿದೆಯೇ ಮುಂದುವರಿಯಿತು. 1987ರ ಮಾನಸಿಕ ಆರೋಗ್ಯ ಕಾಯಿದೆ ಜಾರಿಗೆ ಬಂದದ್ದು 1993ರಲ್ಲಿ. ಅಂದರೆ ವಿಲೀನದ ನಂತರವೂ 18 ವರ್ಷಗಳಿಗೆ ಮೀರಿ ವಸಾಹತುಶಾಹಿ ಕಾಯಿದೆಯೇ ರೋಗಿಯ ಬಿಡುಗಡೆ, ಬಂಧನಗಳನ್ನು ನಿರ್ಧರಿಸುತ್ತಿತ್ತು. ಜೊತೆಗೆ, 1956ರಲ್ಲಿ ಮುಂಬಯಿ ರಾಜ್ಯದಿಂದ ಮೈಸೂರಿಗೆ ಬಂದ ಧಾರವಾಡದ ಮಾನಸಿಕ ಆಸ್ಪತ್ರೆಗೆ ಬೆಂಗಳೂರಿನ ಈ ಭಾಗ್ಯ ಆಗ ದೊರೆಯಲಿಲ್ಲ. ಅದು ನರವಿಜ್ಞಾನಗಳನ್ನೂ ಒಳಗೊಂಡ ಸಂಸ್ಥೆಯಾಗಿ ರೂಪುಗೊಳ್ಳಲು ದಶಕಗಳೇ ಬೇಕಾದವು.

ಬೆಂಗಳೂರಿನಲ್ಲಿ ಎರಡು ಸರ್ಕಾರಗಳ ಸಮ್ಮತಿಯಿಂದ ಸಾಧ್ಯವಾದದ್ದು ಬೇರೆಡೆಗಳಲ್ಲಿ ನ್ಯಾಯಾಲಯದ ಮಧ್ಯಪ್ರವೇಶದಿಂದ ಆಗಬೇಕಾಯಿತು. ದೆಹಲಿಯ ಶಾಹದರಾ ಮತ್ತು ರಾಂಚಿಯ ಆಸ್ಪತ್ರೆಗಳು ಸ್ವಾಯತ್ತ ಸಂಸ್ಥೆಗಳಾಗಿ ರೂಪುಗೊಂಡದ್ದರ ಹಿಂದೆ ಅಲ್ಲಿನ ದುಸ್ಥಿತಿಯನ್ನು ಪ್ರಶ್ನಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಗಳೂ ಸರ್ವೋಚ್ಚ ನ್ಯಾಯಾಲಯದ ನಿರ್ದೇಶನಗಳೂ ಇದ್ದವು. 2012ರಲ್ಲಿ ಸಂಸತ್ತಿನ ಕಾಯಿದೆಯ ಮೂಲಕ ನಿಮ್ಹಾನ್ಸ್ ರಾಷ್ಟ್ರೀಯ ಮಹತ್ವದ ಸಂಸ್ಥೆಯಾಯಿತು. ಕಮಿಷನರರ ಆಶ್ರಯಾಲಯವು ಸಂಸತ್ತಿನ ಶಾಸನಬದ್ಧ ಸಂಸ್ಥೆಯಾಗಲು ಹೀಗೆ 165 ವರ್ಷಗಳು ಹಿಡಿದವು.

ಈ ಇತಿಹಾಸದಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಹೊಣೆ ಇಬ್ಭಾಗವಾದಲ್ಲಿ ರೋಗಿಗೆ ಉತ್ತರ ಹೇಳುವವರು ಯಾರೆಂಬುದು ಮಸುಕಾಗುತ್ತದೆ; ಅದನ್ನು ಒಗ್ಗೂಡಿಸಿದ್ದು 1974ರ ನಿರ್ಧಾರದ ಸಾರ್ಥಕತೆ. ಆದರೆ ಮೇಲುಸ್ತುವಾರಿಯ ಬದಲಾವಣೆಯು ರೋಗಿಯ ಹಕ್ಕಿಗೆ ಪರ್ಯಾಯವಲ್ಲ. ಆ ಹಕ್ಕನ್ನು ಕಾನೂನು ಸ್ಪಷ್ಟವಾದ ನುಡಿಗಳಲ್ಲಿ ಮಾನ್ಯ ಮಾಡಲು 2017ರ ಮಾನಸಿಕ ಆರೋಗ್ಯ ಪಾಲನೆ ಕಾಯಿದೆಯವರೆಗೆ ಕಾಯಬೇಕಾಯಿತು.