ಸರಿಯುತ್ತರಕ್ಕೊಂದು ಪುಸ್ತಕ

ಹೆಬ್ಬಾಳದಿಂದ ಮೇಖ್ರಿ ವೃತ್ತ ದಾಟಿ ಜೆ.ಸಿ. ನಗರದ ಕಡೆಗೆ ತಿರುಗಿದರೆ ಬೆಂಗಳೂರು ದೂರದರ್ಶನ ಕೇಂದ್ರದ ಎತ್ತರದ ಗೋಪುರ ಕಾಣುತ್ತದೆ. ಬಸ್ ಪ್ರಯಾಣಿಕರ ಬಾಯಲ್ಲಿ ಅಲ್ಲಿಯ ನಿಲ್ದಾಣದ ಹೆಸರೇ 'ಟಿ.ವಿ. ಟವರ್'. ಎರಡು ದಶಕ ದಾಟಿದ ರಸಪ್ರಶ್ನೆ ಕಾರ್ಯಕ್ರಮ 'ಥಟ್ ಅಂತ ಹೇಳಿ!' ಈ ಕೇಂದ್ರದ ಕೊಡುಗೆ. ಅದನ್ನು ನಡೆಸಿಕೊಟ್ಟು ಮನೆಮಾತಾದವರು ಡಾ. ನಾ. ಸೋಮೇಶ್ವರ. ಅವರು ನಟರಲ್ಲ, ವೈದ್ಯರು.

ನಮ್ಮಲ್ಲಿ ಒಗಟು ಬಿಡಿಸುವ ಆಟ ಹಳೆಯದೇ. ಆದರೆ ಕ್ವಿಜ್ ಎಂಬುದು ಬಹುಕಾಲ ಇಂಗ್ಲಿಷ್ ಬಲ್ಲವರ ಸೊತ್ತಾಗಿತ್ತು. ಬೆಂಗಳೂರಿನಲ್ಲಿ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಹುಟ್ಟಿದ್ದು 1983ರಲ್ಲಿ. 1985ರಲ್ಲಿ ದೂರದರ್ಶನದಲ್ಲಿ ಆರಂಭವಾದ ಸಿದ್ಧಾರ್ಥ ಬಸು ಅವರ 'ಕ್ವಿಜ್ ಟೈಮ್' ದೇಶದ ಗಮನ ಸೆಳೆಯಿತು. ಅದೂ ಇಂಗ್ಲಿಷಿನದೇ. ಕನ್ನಡ ಮಾಧ್ಯಮದಲ್ಲಿ ಓದಿದವನಿಗೆ ಉತ್ತರ ಗೊತ್ತಿದ್ದರೂ ಹೇಳಲು ವೇದಿಕೆ ಇರಲಿಲ್ಲ.

2000ದ ಜುಲೈಯಲ್ಲಿ ಅಮಿತಾಭ್ ಬಚ್ಚನ್ ಅವರ 'ಕೌನ್ ಬನೇಗಾ ಕರೋಡ್‌ಪತಿ' ಬಂದಿತು. ಬ್ರಿಟನ್ನಿನ ಕಾರ್ಯಕ್ರಮವೊಂದರ ಈ ಭಾರತೀಯ ರೂಪ ಜ್ಞಾನಕ್ಕೆ ಕೋಟಿ ರೂಪಾಯಿಯ ಬೆಲೆ ಕಟ್ಟಿತು. ಅದರ ಅಬ್ಬರದ ನಡುವೆಯೇ, 2002ರ ಜನವರಿ 4ರಂದು, ಚಂದನ ವಾಹಿನಿಯಲ್ಲಿ 'ಥಟ್ ಅಂತ ಹೇಳಿ!' ಆರಂಭವಾಯಿತು. ಇಲ್ಲಿ ಮೂವರು ಸ್ಪರ್ಧಿಗಳು. ಸರಿಯುತ್ತರಕ್ಕೆ ಬಹುಮಾನ ಹಣವಲ್ಲ, ಕನ್ನಡ ಪುಸ್ತಕ!

ಇಷ್ಟು ಸಣ್ಣ ಬಹುಮಾನಕ್ಕೆ ಜನ ಏಕೆ ಕುಳಿತು ನೋಡಿದರು? ಇದಕ್ಕೆ ಉತ್ತರ ಸೋಮೇಶ್ವರರ ಧಾಟಿಯಲ್ಲಿದೆ. ಉತ್ತರ ಸರಿಯೋ ತಪ್ಪೋ ಎಂದು ತೀರ್ಪು ಕೊಟ್ಟು ಅವರು ಮುಂದೆ ಓಡುವವರಲ್ಲ. ಅದರ ಹಿಂದಿನ ಸಂಗತಿಯನ್ನು ಎರಡು ಮಾತಿನಲ್ಲಿ ವಿವರಿಸುವರು. ಹೀಗಾಗಿ ಸೋತವನೂ, ಮನೆಯಲ್ಲಿ ಕುಳಿತವನೂ ಏನಾದರೊಂದನ್ನು ತಿಳಿದುಕೊಳ್ಳುತ್ತಾನೆ. ವೈದ್ಯಕೀಯ ವಿಷಯಗಳನ್ನು ಕನ್ನಡದಲ್ಲಿ ಬರೆದು ಜನರಿಗೆ ತಲುಪಿಸಿದ ಲೇಖಕರಿಗೆ ಈ ವಿವರಣೆಯ ಕಲೆ ಹೊಸದಾಗಿರಲಿಲ್ಲ. ಕಾರ್ಯಕ್ರಮ ಮೂರು ಸಾವಿರ ಕಂತುಗಳನ್ನು ದಾಟಿತು. ಲಿಮ್ಕಾ ದಾಖಲೆ ಪುಸ್ತಕವನ್ನೂ ಸೇರಿತು.

ಒಬ್ಬನೇ ನಿರೂಪಕ ಹೀಗೆ ಕಾರ್ಯಕ್ರಮದ ಗುರುತೇ ಆಗುವುದು ಬೇರೆಡೆಯೂ ಉಂಟು. ಫ್ರಾನ್ಸಿನ ಸಾರ್ವಜನಿಕ ವಾಹಿನಿಯ ರಸಪ್ರಶ್ನೆ ಕಾರ್ಯಕ್ರಮವೊಂದನ್ನು ಜೂಲಿಯನ್ ಲೆಪೆರ್ಸ್ 1988ರಿಂದ 2016ರವರೆಗೆ ನಡೆಸಿದರು. ಕನ್ನಡದ ಖಾಸಗಿ ವಾಹಿನಿಗಳು ಹಿಡಿದ ದಾರಿ ಬೇರೆ. 2012ರಲ್ಲಿ ಸುವರ್ಣ ವಾಹಿನಿಯ 'ಕನ್ನಡದ ಕೋಟ್ಯಧಿಪತಿ'ಗೆ ನಟ ಪುನೀತ್ ರಾಜ್‌ಕುಮಾರ್ ನಿರೂಪಕರಾದರು. 2021ರಲ್ಲಿ ಅಗಲಿದ ಅವರ ಸರಳ ನಡೆ ಸಾಮಾನ್ಯ ಸ್ಪರ್ಧಿಯ ಅಳುಕನ್ನು ಕಳೆಯಿತು. ಆದರೆ ಅಂಥ ಆಟಕ್ಕೆ ತಾರೆಯೂ ಬೇಕು, ಭಾರೀ ಬಂಡವಾಳವೂ ಬೇಕು. ಎರಡರಲ್ಲಿ ಯಾವುದು ತಪ್ಪಿದರೂ ಆಟ ನಿಲ್ಲುತ್ತದೆ.

ಪುಸ್ತಕದ ಆಟಕ್ಕೆ ಆ ಹಂಗಿಲ್ಲ. ಕೋಟಿ ಗೆಲ್ಲುವವನು ಸಾವಿರಕ್ಕೊಬ್ಬ. ಪುಸ್ತಕ ಗೆದ್ದ ಮನೆಗಳು ನಾಡಿನ ಊರೂರಿನಲ್ಲಿವೆ. ಕನ್ನಡದಲ್ಲಿ ಪ್ರಶ್ನೆ ಕೇಳಬಹುದು, ಕನ್ನಡದಲ್ಲೇ ಉತ್ತರಿಸಬಹುದು, ಆ ತಿಳಿವಳಿಕೆಗೂ ಮರ್ಯಾದೆ ಉಂಟು ಎಂಬುದನ್ನು ವೈದ್ಯರೊಬ್ಬರು ಸದ್ದಿಲ್ಲದೆ ತೋರಿಸಿಕೊಟ್ಟರು. ಗೆದ್ದ ಹಣ ಖರ್ಚಾಗಿ ಹೋದೀತು. ಗೆದ್ದ ಪುಸ್ತಕವನ್ನು ಮನೆಯ ಇನ್ನೊಬ್ಬರೂ ಓದಿಯಾರು.