ಭಾನುವಾರದ ಮೆಕ್ಯಾನಿಕ್‌ಗಳು

ಕಾರಿನ ಎಂಜಿನ್ನಿನ ಸವೆದ ಭಾಗಗಳನ್ನು ಯಜಮಾನನೇ ಮನೆ ಮುಂದೆ ಬಿಚ್ಚಿ ಬದಲಾಯಿಸುತ್ತಿದ್ದ ಅಂದರೆ ಈಗಿನ ಹುಡುಗರು ನಂಬೋದಿಲ್ಲ. ನಾನು ಕಲಬುರಗಿಯಿಂದ ಹೈದರಾಬಾದಿಗೆ ಬಂದು ಕಾಚಿಗುಡದಲ್ಲಿ ನೆಲೆಸಿದ ಎಂಬತ್ತರ ದಶಕದಲ್ಲಿ ಇದು ಮಾಮೂಲಿ ನೋಟ. ಲುಂಗಿ ಉಟ್ಟು, ಬಾನೆಟ್ ಎತ್ತಿ, ಕೈಯಲ್ಲಿ ಪಾನಾ ಹಿಡಿದು ನಿಂತವರು ಡಾಕ್ಟರು, ಲೆಕ್ಚರರು! ಅದನ್ನು ಹವ್ಯಾಸ ಅಂತ ಕರೆಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅದು ಲೈಸೆನ್ಸ್ ರಾಜ್ ಕಲಿಸಿದ ವಿದ್ಯೆ.

ಹೊರಗಿನಿಂದ ಭಾಗ ತಂದು ಬರೀ ಜೋಡಿಸುವ ಕಂಪನಿಗಳು ಬೇಡ ಎಂದು ಸರ್ಕಾರ 1953ರಲ್ಲಿ ತೀರ್ಮಾನಿಸಿತು. ಫೋರ್ಡ್, ಜನರಲ್ ಮೋಟಾರ್ಸ್ ಗಂಟುಮೂಟೆ ಕಟ್ಟಿದವು. ಉಳಿದ ಮುಖ್ಯ ಕಾರುಗಳೆಂದರೆ ಹಿಂದೂಸ್ತಾನ್ ಮೋಟಾರ್ಸ್‌ನ ಅಂಬಾಸಿಡರ್, ಪ್ರೀಮಿಯರ್‌ನ ಫಿಯಟ್, ಮದ್ರಾಸಿನ ಸ್ಟ್ಯಾಂಡರ್ಡ್. ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಹಾಗೆ ಸಿಕ್ಕ ಕಾರನ್ನು ಮಾರುವ ಮಾತೆಲ್ಲಿ? ಇಪ್ಪತ್ತು ವರ್ಷ ಓಡಿಸಲೇಬೇಕು.

ಇದರಿಂದ ಒಂದು ಲಾಭವೂ ಆಯಿತು. ಅಂಬಾಸಿಡರಿನ 1489 ಸಿಸಿ ಪೆಟ್ರೋಲ್ ಎಂಜಿನ್, ಫಿಯಟ್‌ನ (ಎಪ್ಪತ್ತರ ದಶಕದಿಂದ ಪದ್ಮಿನಿ) 1089 ಸಿಸಿ ಎಂಜಿನ್ ದಶಕಗಟ್ಟಲೆ ಹೆಚ್ಚೇನೂ ಬದಲಾಗಲಿಲ್ಲ. ಅಪ್ಪ ಕಲಿತದ್ದು ಮಗನಿಗೂ ಉಪಯೋಗಕ್ಕೆ ಬಂತು.

ಮನೆಯಲ್ಲಿ ಹೆಚ್ಚಾಗಿ ಬದಲಾಯಿಸುತ್ತಿದ್ದದ್ದು ಡಿಸ್ಟ್ರಿಬ್ಯೂಟರಿನ ಪಾಯಿಂಟ್. ಅದು ಬಾಯಿ ಬಿಟ್ಟಾಗಲೆಲ್ಲ ಪ್ಲಗ್ಗಿನಲ್ಲಿ ಕಿಡಿ. ಕಿಡಿ ಹಾರಿ ಹಾರಿ ಲೋಹದ ಮುಖ ಗುಳಿ ಬೀಳುತ್ತೆ, ಕ್ಯಾಮ್‌ಗೆ ಉಜ್ಜಿ ಹಿಮ್ಮಡಿ ಸವೆಯುತ್ತೆ, ಸಂದು ಕಿರಿದಾಗುತ್ತೆ. ಆಗ ಗಾಡಿ ಬೆಳಿಗ್ಗೆ ಮುನಿಸಿಕೊಳ್ಳೋದು ಶುರು. ಮುಚ್ಚಳ ತೆಗೆದು, ಸ್ಕ್ರೂ ಬಿಚ್ಚಿ, ಹೊಸದನ್ನು ಕೂರಿಸಿ ಫೀಲರ್ ಗೇಜ್‌ನಿಂದ ಸಂದು ಅಳೆಯಬೇಕು. ಅಂಬಾಸಿಡರಿಗೆ ಸುಮಾರು 0.4 ಮಿಲಿಮೀಟರ್. ಫ್ಯಾನ್ ಬೆಲ್ಟ್, ಪೆಟ್ರೋಲ್ ಪಂಪಿನ ಡಯಾಫ್ರಾಂ, ವಾಟರ್ ಪಂಪ್ ಕೂಡ ಅಂಗಳದ ಕೆಲಸವೇ. ಧೈರ್ಯಸ್ಥರು ಹೆಡ್ ಇಳಿಸಿ, ಮಸಿ ಕೆರೆದು, ಪೇಸ್ಟ್ ಹಚ್ಚಿ ವಾಲ್ವ್ ಉಜ್ಜುತ್ತಿದ್ದರು. ಬೋರ್ ಸವೆದರೆ ಮಾತ್ರ ವರ್ಕ್‌ಶಾಪೇ ಗತಿ.

ಹೈದರಾಬಾದು ಇದಕ್ಕೆ ಹೇಳಿ ಮಾಡಿಸಿದ ಊರು. ನಿಜಾಮರ ಸರ್ಕಾರ 1932ರಲ್ಲೇ 27 ಬಸ್ಸುಗಳಿಂದ ಸಾರಿಗೆ ಇಲಾಖೆ ಶುರು ಮಾಡಿತ್ತು. 1942ರಲ್ಲಿ ಆಲ್ವಿನ್, ಮರುವರ್ಷ ಪ್ರಾಗಾ ಟೂಲ್ಸ್, ಆಮೇಲೆ ಬಿಎಚ್‌ಇಎಲ್ ಬಂದವು. ಓಣಿಗೊಬ್ಬ ಫಿಟ್ಟರ್ ಇರುತ್ತಿದ್ದ. ಬಿಡಿಭಾಗ ಬೇಕಾದರೆ ರಾಣಿಗಂಜ್. ಅಲ್ಲಿ ಅಂಗಡಿಯವರು ಮೊದಲು ಕೇಳೋದು, "ಅಸಲಿ ಹೋನಾ ಕ್ಯಾ, ಡೂಪ್ಲಿಕೇಟ್?" ಎರಡರ ತೂಕ ಕೈಯಲ್ಲೇ ಗೊತ್ತಾಗಬೇಕು!

ಈ ವಿದ್ಯೆಯ ಬೆಲೆ ಗೊತ್ತಾಗುತ್ತಿದ್ದದ್ದು ಊರಿಗೆ ಹೊರಟಾಗ. ಜಹೀರಾಬಾದ್, ಹುಮನಾಬಾದ್ ಮೇಲೆ ಕಲಬುರಗಿಗೆ ಇನ್ನೂರು ಕಿಲೋಮೀಟರಿಗೂ ಹೆಚ್ಚು. ಡಿಕ್ಕಿಯಲ್ಲಿ ಪಾಯಿಂಟ್, ಕಂಡೆನ್ಸರ್, ಬೆಲ್ಟ್ ಇಲ್ಲದೆ ನಾವು ಹೊರಡುತ್ತಲೇ ಇರಲಿಲ್ಲ. ಮೇ ತಿಂಗಳ ಬಿಸಿಲಿಗೆ ಪೈಪಿನಲ್ಲೇ ಪೆಟ್ರೋಲ್ ಆವಿಯಾಗಿ ಗಾಡಿ ನಿಂತರೆ, ಪಂಪಿನ ಮೇಲೆ ಒದ್ದೆ ಬಟ್ಟೆ.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಬಾನೆಟ್ ಎತ್ತುವ ಅಗತ್ಯವೇ ಕಡಿಮೆಯಾಯಿತು. 2000ದ ಫೆಬ್ರವರಿಯಿಂದ ಪೆಟ್ರೋಲಿನಲ್ಲಿ ಸೀಸ ಹೋಯಿತು. ಗಾಳಿಗೆ ಒಳ್ಳೆಯದಾಯಿತು, ಸೀಸದ ಆಸರೆಯಲ್ಲಿದ್ದ ಹಳೇ ವಾಲ್ವ್ ಸೀಟುಗಳಿಗೆ ಕಷ್ಟವಾಯಿತು. 2003ರ ಏಪ್ರಿಲ್‌ನಲ್ಲಿ ಹೈದರಾಬಾದಿಗೆ ಭಾರತ್ ಸ್ಟೇಜ್ 2 ನಿಯಮ ಬಂತು. ಅಷ್ಟರಲ್ಲಿ ಹೊಸ ಕಾರುಗಳಲ್ಲಿ ಕಾರ್ಬ್ಯುರೇಟರ್ ಮರೆಯಾಗಿ ಕಂಪ್ಯೂಟರ್ ಕೂತಿತ್ತು. 2014ರಲ್ಲಿ ಅಂಬಾಸಿಡರೂ ನಿಂತಿತು.

ಹಳೆಯದೇ ಚೆನ್ನಾಗಿತ್ತು ಅಂತ ನಾನು ಹೇಳಲಾರೆ. ಈಗಿನ ಕಾರು ಮಧ್ಯರಾತ್ರಿ ದಾರಿಯಲ್ಲಿ ಕೈ ಕೊಡೋದಿಲ್ಲ. ಆದರೆ ಆಗ ಬಿಲ್ ನೋಡಿದರೆ ಯಾವುದು ಸವೆದಿತ್ತು, ಯಾವುದನ್ನು ಸುಮ್ಮನೆ ಬದಲಾಯಿಸಿದರು ಅಂತ ಗೊತ್ತಾಗುತ್ತಿತ್ತು. ಈಗ "ಸೆನ್ಸರ್ ಹೋಗಿದೆ ಸಾರ್" ಅಂದರೆ ತಲೆಯಾಡಿಸಿ ಕಾರ್ಡ್ ಕೊಡುತ್ತೇವೆ. ನಾವು ಕಳೆದುಕೊಂಡದ್ದು ಆ ಪ್ರಶ್ನೆ ಕೇಳುವ ಶಕ್ತಿಯನ್ನು. ಏರ್ ಫಿಲ್ಟರನ್ನಾದರೂ ನೀವೇ ಬದಲಾಯಿಸಿ ನೋಡಿ. ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ.